ಒಗೆಯಬಾರದ ಕೋಟು

ನಾನು ಒಂದು ಕೋಟು. ಕುರಿತೊಗಲಿನದು. ಉಣ್ಣೆ ಒಳಗೆ, ತೊಗಲು ಹೊರಗೆ. ಕುರಿಯೊಂದು ಅವಸರದಲ್ಲಿ ತನ್ನನ್ನು ತಾನೇ ತಿರುವುಮುರುವಾಗಿ ತೊಟ್ಟುಕೊಂಡ ಹಾಗೆ ಕಾಣುತ್ತೇನೆ. ಸರಿಯಾಗಿ ಹೇಳಬೇಕೆಂದರೆ ನಾನು ಒಂದು ಕುರಿಯೂ ಅಲ್ಲ, ಐದು. ಬೆನ್ನಿಗೆ ಎರಡು, ಎದೆಗೆ ಒಂದು, ತೋಳುಗಳಿಗೆ ಒಂದು, ಕೊರಳಪಟ್ಟಿಗೆ ಒಂದು ಕರಿ ಮರಿ. ಬದುಕಿದ್ದಾಗ ಈ ಐವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲವಂತೆ. ಈಗ ಒಂದೇ ದಾರದಲ್ಲಿ ಹೊಲಿಸಿಕೊಂಡು ಎಪ್ಪತ್ತು ವರ್ಷದಿಂದ ಸುಮ್ಮನಿದ್ದೇವೆ.

ನನ್ನನ್ನು ಹುಟ್ಟಿಸಿದವನು ಗವ್ರಿಲ್ ಮೇಸ್ತ್ರಿ. ರೊಮೇನಿಯಾ ದೇಶದಲ್ಲಿ ಕಾರ್ಪಾತಿಯನ್ ಬೆಟ್ಟಗಳಿವೆಯಲ್ಲ, ಅಲ್ಲಿ ಹಿಮ ಬೀಳಲು ಶುರುವಾದರೆ ನಿಲ್ಲಿಸುವುದನ್ನೇ ಮರೆಯುವ ಒಂದು ಊರು ನಮ್ಮದು. ಆ ಊರಿನಿಂದ ಒಂದು ಗುಡ್ಡ ದಾಟಿದರೆ ಗವ್ರಿಲನ ಮನೆ. ತೊಗಲು ಹದ ಮಾಡಿ ಕೋಟು ಹೊಲಿಯುವುದು ಅವನ ಕಸುಬು. ಉಪ್ಪು, ಬೂಸಾ ಕಲಸಿದ ಹುಳಿನೀರಿನ ಪೀಪಾಯಿಯಲ್ಲಿ ನನ್ನನ್ನು ಎರಡು ವಾರ ಮುಳುಗಿಸಿಟ್ಟ. ಆ ವಾಸನೆಯನ್ನು ವರ್ಣಿಸುವುದಿಲ್ಲ, ನೀವು ಈಗಷ್ಟೇ ಊಟ ಮಾಡಿರಬಹುದು. ಆಮೇಲೆ ಕಂಬಕ್ಕೆ ಹಾಕಿ ಎಳೆದ. ಎಳೆದ ಅಂದರೆ ಎಳೆದ. ನಾನು ಪೂರ್ತಿ ಒಣಗುವವರೆಗೂ ಎಳೆಯುತ್ತಲೇ ಇದ್ದ. ಹಾಗೆ ಎಳೆಯದೆ ಒಣಗಲು ಬಿಟ್ಟರೆ ತೊಗಲು ಹಲಗೆಯಾಗುತ್ತದೆ. ಎಳೆದರೆ ಮಾತ್ರ ಮೆತ್ತಗೆ.

ಕೊನೆಗೆ ದಬ್ಬಳ ಹಿಡಿದು ಹೊಲಿದ. ಎದೆಯ ಮೇಲೆ ಒಂದು ಸೇಬಿನ ಕೊಂಬೆಯನ್ನು ಕಸೂತಿ ಹಾಕಿದ. ಹಸಿರು ನೂಲಿನಲ್ಲಿ ಎಲೆ, ಕಂದು ನೂಲಿನಲ್ಲಿ ಕೊಂಬೆ, ಅಲ್ಲಲ್ಲಿ ಮೊಗ್ಗು. ಹೂವು ಹಾಕುವ ಹೊತ್ತಿಗೆ ನೂಲು ಮುಗಿದುಹೋಯಿತು.

"ಹೂವು ಮುಂದಿನ ಸಲ ಬಂದಾಗ ಹಾಕ್ಕೊಡ್ತೀನಿ," ಎಂದ ಗವ್ರಿಲ್. ಮುಂದಿನ ಸಲ ಹೋದಾಗ ಹೂವಿನ ನೆನಪು ಯಾರಿಗೂ ಇರಲಿಲ್ಲ. ಹಾಗಾಗಿ ನಾನು ಮೊಗ್ಗಿನಲ್ಲೇ ನಿಂತ ಕೋಟು.

ನನ್ನನ್ನು ಮಾಡಿಸಿದವನು ಇರಿಮಿಯಾ ಎಂಬ ಕುರುಬ. ಮದುವೆಯಾಗುವ ಹುಡುಗಿಗೆ ಕೊಡಲು. ಹುಡುಗಿಯೂ ಜೊತೆಯಲ್ಲೇ ಬಂದಿದ್ದಳು. ಗವ್ರಿಲ್ ನನ್ನನ್ನು ಅವಳ ಕೈಗಿಟ್ಟು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

"ಹಿಮ ಬಿದ್ರೆ ಕೊಡವು ತಾಯಿ. ಕೊಳೆ ಆದ್ರೆ ಮೆಕ್ಕೆಜೋಳದ ಹಿಟ್ಟು ಉದುರ್ಸಿ ತಿಕ್ಕು. ನೀರು ಮಾತ್ರ ತೋರಿಸ್ಬೇಡ. ಬಿಸಿನೀರಂತೂ ಇದರ ಮುಂದೆ ಹೆಸರೂ ಎತ್ತಬೇಡ."

"ಸರಿ ಮೇಸ್ತ್ರಿ," ಎಂದಳು ಹುಡುಗಿ. ಇರಿಮಿಯಾ ನನ್ನನ್ನು ಅವಳ ಹೆಗಲಿಗೆ ಹೊದಿಸಿದ. ನನ್ನ ಬಲಭುಜದ ಮೇಲೆ ಅವನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಹೊಗೆಸೊಪ್ಪಿನ ವಾಸನೆಯ ಕೈ.

ಆ ಹುಡುಗಿಯ ಹೆಸರು ದೋಕಿಯಾ. ಈ ಹೆಸರೇ ಅವಳ ತಲೆನೋವು.

ಯಾಕೆಂದರೆ ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಒಂದು ಕಥೆಯಿದೆ. ಒಂದಾನೊಂದು ಕಾಲದಲ್ಲಿ ದೋಕಿಯಾ ಎಂಬ ಮುದುಕಿ ಇದ್ದಳಂತೆ. ಸೊಸೆಯನ್ನು ಕಂಡರೆ ಉರಿದು ಬೀಳುತ್ತಿದ್ದಳಂತೆ. ಕೊರೆಯುವ ಚಳಿಯಲ್ಲಿ ಅವಳ ಕೈಗೆ ಕರಿ ಉಣ್ಣೆ ಕೊಟ್ಟು, "ಹೊಳೆಗೆ ಹೋಗು. ಇದು ಬೆಳ್ಳಗಾಗೋ ತನಕ ಮನೆ ಕಡೆ ಮುಖ ಹಾಕ್ಬೇಡ," ಅಂದಳಂತೆ. ದಾರಿಯಲ್ಲಿ ಯಾರೋ ಪುಣ್ಯಾತ್ಮ ಆ ಸೊಸೆಗೆ ಒಂದು ಕೆಂಪು ಹೂ ಕೊಟ್ಟ, ಉಣ್ಣೆ ಬೆಳ್ಳಗಾಯಿತು. ಸೊಸೆಯ ಕೈಯಲ್ಲಿ ಹೂ ನೋಡಿದ ಮುದುಕಿ, ಓಹೋ ವಸಂತ ಬಂದೇಬಿಟ್ಟಿತು ಎಂದುಕೊಂಡು ಒಂಬತ್ತು ಕೋಟು ತೊಟ್ಟು ಕುರಿ ಹೊಡೆದುಕೊಂಡು ಬೆಟ್ಟ ಹತ್ತಿದಳು. ಬಿಸಿಲಿಗೆ ಸೆಕೆಯಾಗಿ ದಿನಕ್ಕೊಂದು ಕೋಟು ಬಿಚ್ಚಿ ಎಸೆದಳು. ಒಂಬತ್ತನೆಯದನ್ನು ಎಸೆದಳೋ ಇಲ್ಲವೋ, ಹಿಮ ಸುರಿಯಿತು. ಮುದುಕಿ ಕುರಿಗಳ ಸಮೇತ ಕಲ್ಲಾಗಿ ನಿಂತಳು.

ಅದಕ್ಕೇ ಮಾರ್ಚ್ ಒಂದರಿಂದ ಒಂಬತ್ತರವರೆಗೆ ನಮ್ಮಲ್ಲಿ 'ಮುದುಕಿಯರ ದಿನ' ಅನ್ನುತ್ತಾರೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಹಿಮ, ಸಂಜೆ ಮತ್ತೆ ಬಿಸಿಲು, ಹುಚ್ಚು ಮುದುಕಿಯ ಹಾಗೆ. ಊರಿನ ಹೆಂಗಸರು ಆ ಒಂಬತ್ತರಲ್ಲಿ ಒಂದೊಂದು ದಿನವನ್ನು ಮೊದಲೇ ಆರಿಸಿಕೊಳ್ಳುತ್ತಾರೆ. ಆ ದಿನ ಬಿಸಿಲಿದ್ದರೆ ಅವರಿಗೆ ವರ್ಷವೆಲ್ಲ ಒಳ್ಳೆಯದು. ಮೋಡವಿದ್ದರೆ, ದೇವರೇ ಗತಿ. ಮಾರ್ಚ್ ಒಂದನೇ ತಾರೀಖು ಇನ್ನೊಂದು ಸಂಭ್ರಮವೂ ಇದೆ. ಕೆಂಪು ಬಿಳಿ ಎಳೆ ಸೇರಿಸಿ ಹೊಸೆದ ದಾರವನ್ನು ಒಬ್ಬರಿಗೊಬ್ಬರು ಕಟ್ಟುತ್ತಾರೆ. ಅದಕ್ಕೆ ಮರ್ತ್ಸಿಶೋರ್ ಎಂದು ಹೆಸರು, ಅಂದರೆ ಪುಟ್ಟ ಮಾರ್ಚ್. ಮಣಿಕಟ್ಟಿನಲ್ಲಿ ಇಟ್ಟುಕೊಂಡಿದ್ದು, ಮೊದಲು ಹೂ ಬಿಟ್ಟ ಮರ ಕಂಡಾಗ ಬಿಚ್ಚಿ ಅದರ ಕೊಂಬೆಗೆ ಕಟ್ಟಬೇಕು. ಹೂ ಬಿಟ್ಟ ಮರಕ್ಕೆ ಮಾತ್ರ. ಬೋಳು ಮರಕ್ಕೆ ಕಟ್ಟಿದರೆ ಬರುತ್ತಿದ್ದ ವಸಂತ ಮುನಿಸಿಕೊಂಡು ಹಿಂದಕ್ಕೆ ಹೋಗುತ್ತದಂತೆ.

ನಮ್ಮ ದೋಕಿಯಾ ಹುಟ್ಟಿದ್ದು ಮಾರ್ಚ್ ಒಂದಕ್ಕೆ. ಬೇರೆ ಹೆಸರಿಡಲು ಪಾದ್ರಿಯೇ ಒಪ್ಪಲಿಲ್ಲವಂತೆ. ಮಾರ್ಚಿನಲ್ಲಿ ನಾಲ್ಕು ಹನಿ ಹಿಮ ಬಿದ್ದರೆ ಸಾಕು, ಬೇಲಿಯಾಚೆಯಿಂದ ನೆರೆಮನೆಯ ವರ್ವಾರಾ ಕೂಗುತ್ತಿದ್ದಳು:

"ಲೇಲೆ ದೋಕಿಯಾ! ಕೋಟು ಬಿಚ್ಚಿದ್ಯಾ ಹೆಂಗೆ? ಊರಿಗೆಲ್ಲಾ ಚಳಿ ಹತ್ತಿಸ್ಬಿಟ್ಯಲ್ಲೇ!"

ಲೇಲೆ ಎಂದರೆ ನಮ್ಮಲ್ಲಿ ಅಕ್ಕ. ಮರ್ಯಾದೆ ಕೊಟ್ಟೇ ಮರ್ಯಾದೆ ತೆಗೆಯುವುದು ವರ್ವಾರಾಳ ಪದ್ಧತಿ.

ದೋಕಿಯಾ ಬಿಡುವವಳಲ್ಲ. ಮಗ ನಿಕೊದಿಮ್ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಬೇಲಿಯ ಹತ್ತಿರ ನಿಂತು ಸಾರಿದ್ದಳು: "ನಾನು ಹೆಸರಿಗೆ ಮಾತ್ರ ದೋಕಿಯಾ ಕಣೇ. ನನ್ನ ಸೊಸೆ ಬರ್ಲಿ ನೋಡ್ತಿರು. ಈ ಊರಿನ ಸೊಸೇರೆಲ್ಲ ಹೊಟ್ಟೆ ಉರ್ಕೋಬೇಕು, ಹಂಗ್ ನೋಡ್ಕೋತೀನಿ."

ಅವಳ ಹೆಗಲ ಮೇಲಿದ್ದ ನನಗೆ ಆ ಮಾತಿನ ಬಿಸಿ ಗೊತ್ತಾಯಿತು. ಅದು ಬರೀ ಬಾಯಿಮಾತಲ್ಲ, ಹರಕೆ.

ವರ್ಷಗಳು ಓಡಿದವು. ನಾನು ಹಾಲು ಕರೆಯಲು ಹೋದೆ, ಹುಲ್ಲು ತರಲು ಹೋದೆ, ಚರ್ಚಿಗೆ ಹೋದೆ. ಮೈಗೆ ಬೆಣ್ಣೆ ಮೆತ್ತಿತು, ಹೊಗೆ ಹಿಡಿಯಿತು, ತೋಳಿನ ತುದಿ ಕನ್ನಡಿಯ ಹಾಗೆ ಹೊಳೆಯತೊಡಗಿತು. ಒಂದು ಚಳಿಗಾಲ ಇರಿಮಿಯಾ ಮಲಗಿದವನು ಏಳಲಿಲ್ಲ. ಕೊನೆಯ ವಾರ ಅವನ ಮೇಲೆ ಹೊದಿಸಿದ್ದು ನನ್ನನ್ನೇ. ಅವನು ಹೋದ ಮೇಲೂ ಅವನ ಹೊಗೆಸೊಪ್ಪಿನ ವಾಸನೆ ನನ್ನ ಬಲಭುಜದ ಉಣ್ಣೆಯಲ್ಲಿ ಉಳಿಯಿತು. ದೋಕಿಯಾ ಯಾರಿಗೂ ಹೇಳಿರಲಿಲ್ಲ. ಆದರೆ ದಿನಾ ನನ್ನನ್ನು ಗೂಟಕ್ಕೆ ತೂಗುಹಾಕುವ ಮೊದಲು ಒಂದು ಸಲ ಆ ಭುಜಕ್ಕೆ ಮೂಗು ಒತ್ತಿ ಉಸಿರೆಳೆದುಕೊಳ್ಳುತ್ತಿದ್ದಳು. ನಾನೂ ಯಾರಿಗೂ ಹೇಳಿರಲಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು.

ನಿಕೊದಿಮ್ ಮರ ಕಡಿಯುವ ಕೆಲಸಕ್ಕೆ ಸೇರಿದ. ಒಂದು ಬೇಸಿಗೆ ಕೆಲಸದ ಮೇಲೆ ದಕ್ಷಿಣದ ಬಯಲುಸೀಮೆಗೆ ಹೋದವನು ಹಿಂದಿರುಗುವಾಗ ಮನಸ್ಸನ್ನು ಅಲ್ಲೇ ಬಿಟ್ಟು ಬಂದ. ಕ್ರಿಸ್ಮಸ್ ಕಳೆದ ಮೇಲೆ ಮದುವೆ ಮಾಡಿಕೊಂಡು ಹುಡುಗಿಯನ್ನೂ ಕರೆತಂದ. ಹೆಸರು ಸ್ತಾಂಕಾ. ಚೋಟುದ್ದ, ಕಡ್ಡಿಯಂತೆ ಸಣ್ಣ, ಬಾಯಿ ಮಾತ್ರ ಅರಳು ಹುರಿದ ಹಾಗೆ ಪಟಪಟ. ಡ್ಯಾನ್ಯೂಬ್ ನದಿಯ ಬಯಲಿನವಳು. ಬೆಟ್ಟ ನೋಡಿದ್ದೇ ಮೊದಲು.

ದೋಕಿಯಾ ಹರಕೆ ತೀರಿಸಲು ಶುರುಮಾಡಿದಳು. ಸೊಸೆಗೆ ಒಲೆಯ ಪಕ್ಕದ ಜಾಗ, ಸೊಸೆಗೆ ಕೆನೆ, ಸೊಸೆಗೆ ಮೊದಲ ರೊಟ್ಟಿ. ಕೆಲಸ ಮುಟ್ಟಲೂ ಬಿಡಲಿಲ್ಲ. "ನೀನು ಕೂತ್ಕೋ ಮಗಳೇ, ನಿಂಗೆ ಗೊತ್ತಾಗಲ್ಲ," ಅನ್ನುವುದೇ ಆಯಿತು. ಪಾಪದ ಹುಡುಗಿ ಕೂತೂ ಕೂತೂ ಒಲೆ ಪಕ್ಕದ ಬೆಕ್ಕಿನಂತಾದಳು. ನಿಕೊದಿಮ್ ಈಸ್ಟರ್ ತನಕ ಕಾಡಿನ ಕೆಲಸಕ್ಕೆ ಹೋದ ಮೇಲೆ ಮಾತಿಗೂ ಜನವಿಲ್ಲ. ಅತ್ತೆಗೆ ಏನಾದರೂ ಮಾಡಿ ತೋರಿಸಬೇಕೆಂದು ಅವಳಿಗೆ ಕೈ ತುರಿಸುತ್ತಿತ್ತು. ಗೂಟದ ಮೇಲಿಂದ ನನಗೆ ಅದು ಚೆನ್ನಾಗಿ ಕಾಣುತ್ತಿತ್ತು.

ಫೆಬ್ರವರಿಯ ಕೊನೆಯಲ್ಲಿ ಹೆಂಗಸರು ನಮ್ಮ ಮನೆಯಲ್ಲಿ ಸೇರಿ ತಂತಮ್ಮ ದಿನ ಆರಿಸಿಕೊಂಡರು. ವರ್ವಾರಾ ಆರನೇ ತಾರೀಖು ಹಿಡಿದಳು. ಸ್ತಾಂಕಾಳ ಸರದಿ ಬಂತು.

"ಅತ್ತೆ ಹುಟ್ಟಿದ್ ದಿನಾನೇ ನಂಗೂ ಇರ್ಲಿ. ಒಂದನೇ ತಾರೀಖು," ಎಂದಳು ಅವಳು.

ಹೆಂಗಸರು ಗೊಳ್ಳೆಂದು ನಕ್ಕರು. "ಎರಡು ದೋಕಿಯಾ ಒಂದೇ ಮನೇಲಿ! ಈ ವರ್ಷ ಜೂನಿನ್ ತನಕ ಹಿಮ ಕಣ್ರೇ," ಎಂದಳು ವರ್ವಾರಾ. ಆದರೆ ದೋಕಿಯಾಳ ಮುಖ ಹಿಗ್ಗಿದ್ದನ್ನು ನಾನು ನೋಡಿದೆ.

ಮಾರ್ಚ್ ಒಂದು ಬಂತು. ಬೆಳಿಗ್ಗೆ ಎಂಥ ಬಿಸಿಲು ಅಂತೀರಿ! ಸೂರಿನಿಂದ ಹಿಮ ಕರಗಿ ತೊಟತೊಟ. ಸ್ತಾಂಕಾ ತಾನೇ ಹೊಸೆದ ಮರ್ತ್ಸಿಶೋರನ್ನು ಅತ್ತೆಯ ಮಣಿಕಟ್ಟಿಗೆ ಕಟ್ಟಿದಳು, ಅತ್ತೆ ಸೊಸೆಗೆ ಕಟ್ಟಿದಳು. ದೋಕಿಯಾ ಬಿಸಿಲನ್ನು ನಂಬಿ, ನನ್ನನ್ನು ಗೂಟದಲ್ಲೇ ಬಿಟ್ಟು, ಬಿಳಿ ಅಂಗಿಯಲ್ಲೇ ಚರ್ಚಿಗೆ ಹೋದಳು. ಎಷ್ಟೇ ಆಗಲಿ ಅವಳೂ ದೋಕಿಯಾ ತಾನೇ.

ಬಾಗಿಲು ಮುಚ್ಚಿದ ಮೇಲೆ ಸ್ತಾಂಕಾ ನನ್ನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಬೆಣ್ಣೆ, ಹೊಗೆ, ಮಸಿ.

"ಅಯ್ಯಯ್ಯೋ," ಎಂದಳು. "ಹುಟ್ಟಿದಬ್ಬಕ್ಕೆ ಅತ್ತೆ ಇದನ್ನ ಹಾಕ್ಕೋಬೇಕಾ? ಇರು, ಹೊಸದರ ಹಂಗೆ ಮಾಡ್ತೀನಿ."

ಅವಳದು ತಪ್ಪಲ್ಲ. ಅವಳ ಸೀಮೆಯಲ್ಲಿ ಕೋಟು ಎಂದರೆ ನೇಯ್ದ ಉಣ್ಣೆಯದು. ಮಾರ್ಚ್ ಬಂತೆಂದರೆ ಅಲ್ಲಿನ ಹೆಂಗಸರು ಮನೆಯ ಕಂಬಳಿ, ಕೋಟು ಎಲ್ಲವನ್ನೂ ಬೂದಿ ಕುದಿಸಿದ ತಿಳಿನೀರಿನಲ್ಲಿ ಅದ್ದಿ, ಬಡಿಗೆಯಿಂದ ಬಡಿದು ಒಗೆಯುತ್ತಾರೆ. ಚಳಿಗಾಲವನ್ನು ಮನೆಯಿಂದ ತೊಳೆದು ಕಳಿಸುವ ಪದ್ಧತಿ ಅದು. ಸ್ತಾಂಕಾ ಬೂದಿನೀರು ಕಾಯಿಸಿದಳು. ನಾನು ಕಿರುಚಿದೆ. ಕೋಟು ಕಿರುಚಿದರೆ ಯಾರಿಗೆ ಕೇಳುತ್ತದೆ? ಐದು ಕುರಿಗಳೂ ಒಟ್ಟಿಗೆ ಕುದಿನೀರಿಗೆ ಬಿದ್ದೆವು. ಹಾಡು ಹೇಳಿಕೊಂಡು ಬಡಿದಳು. ಬೇಗ ಒಣಗಲೆಂದು ಎರಡು ತೋಳಿಗೂ ಕೋಲು ತೂರಿಸಿ ಒಲೆಯ ಎದುರಿಗೇ ನಿಲ್ಲಿಸಿದಳು.

ಒಂದು ಗಂಟೆ ಕಳೆಯುವಷ್ಟರಲ್ಲಿ ನಾನು ಕಟ್ಟಿಗೆಯಾದೆ. ಕೋಲು ತೆಗೆದರೂ ಬೀಳಲಿಲ್ಲ. ಎರಡು ಕೈಯನ್ನೂ ಅಗಲಕ್ಕೆ ಚಾಚಿ, ನಡುಮನೆಯಲ್ಲಿ, ನನ್ನ ಕಾಲ ಮೇಲೆ ನಾನೇ ನಿಂತೆ. ಕಾಲಿಲ್ಲದಿದ್ದರೂ ನಿಂತೆ!

ಅಷ್ಟರಲ್ಲಿ ದೋಕಿಯಾ ಬಂದಳು. ಹುಟ್ಟಿದಹಬ್ಬದ ಸಿಹಿರೊಟ್ಟಿ, ಪ್ಲಮ್ ಹಣ್ಣಿನ ಸಾರಾಯಿಗೆಂದು ವರ್ವಾರಾ ಮತ್ತಿಬ್ಬರು ಹಿಂದೆಯೇ ಇದ್ದರು. ಬಾಗಿಲಲ್ಲೇ ಎಲ್ಲರೂ ನಿಂತುಬಿಟ್ಟರು.

"ಇನ್ನೊಂದ್ ಸ್ವಲ್ಪ ಒಣಗ್ಲಿ ಅತ್ತೆ," ಎಂದಳು ಸ್ತಾಂಕಾ. "ಮೆತ್ತಗಾಗುತ್ತೆ... ಅಲ್ವಾ?"

ದೋಕಿಯಾ ನೇರವಾಗಿ ನನ್ನ ಹತ್ತಿರ ಬಂದು ಬಲಭುಜಕ್ಕೆ ಮೂಗು ಒತ್ತಿದಳು. ಉಸಿರೆಳೆದಳು. ಬೂದಿ. ಬರೀ ಬೂದಿ. ಇನ್ನೊಂದು ಸಲ ಎಳೆದಳು. ಇರಿಮಿಯಾ ಇರಲಿಲ್ಲ.

ತಿರುಗಿದಾಗ ಕಂಡ ಅವಳ ಅಂಥ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ತಗೊಂಡು ಹೋಗು ಇದನ್ನ," ಎಂದಳು. "ಹೊಳೆಗೆ ಹೋಗು. ಇದು ಮೆತ್ತಗಾಗೋ ತನಕ ಮನೆ ಕಡೆ ಮುಖ ಹಾಕ್ಬೇಡ."

ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಮಾತು ಅದು. ಸ್ತಾಂಕಾ ಬಿಳಿಚಿಕೊಂಡಳು. ತನ್ನ ತೆಳು ಕೋಟು ಹಾಕಿಕೊಂಡಳು, ನನ್ನನ್ನು ಬಾಗಿಲ ಹಲಗೆಯ ಹಾಗೆ ಕಂಕುಳಲ್ಲಿ ಅವುಚಿಕೊಂಡಳು, ಹೊರಟೇಹೋದಳು.

ಆಮೇಲೆ ಮನೆಯಲ್ಲಿ ನಡೆದದ್ದು ನಾನು ಕಂಡದ್ದಲ್ಲ. ವರ್ವಾರಾ ಊರಿಗೆಲ್ಲ ಹೇಳಿದ್ದರಿಂದ ನನಗೂ ಗೊತ್ತಾಯಿತು. ಅವಳು ಬಾಯಿಗೆ ಹತ್ತಿರ ತಂದ ಸಾರಾಯಿ ಲೋಟವನ್ನು ಕೆಳಗಿಟ್ಟಳಂತೆ. ಜೀವಮಾನದಲ್ಲಿ ಮೊದಲ ಬಾರಿಗೆ ತಮಾಷೆ ಮಾಡಲಿಲ್ಲವಂತೆ. "ಲೇಲೆ," ಅಂದಳಂತೆ, "ಮೋಡ ಕವೀತಾ ಇದೆ."

ಹೌದು, ಕವಿಯುತ್ತಿತ್ತು. ಹೊಳೆಯ ತನಕ ಹೋದ ಸ್ತಾಂಕಾ ನೀರನ್ನೂ ನನ್ನನ್ನೂ ನೋಡಿದಳು. ಇನ್ನೊಮ್ಮೆ ನೀರಿಗಿಳಿಸಲು ಧೈರ್ಯ ಬರಲಿಲ್ಲ. "ನಿನ್ನ ಹೊಲಿದೋನು ಗುಡ್ಡದಾಚೆ ಇದಾನಂತಲ್ಲ," ಎಂದು ನನಗೇ ಹೇಳಿದಳು. "ಅವನ ಹತ್ರ ಹೋಗೋಣ. ಸರಿಹೋದ್ರೆ ವಾಪಸ್ ಬರೋಣ. ಇಲ್ಲಾಂದ್ರೆ ನಿನ್ನನ್ನ ಅತ್ತೆ ಬಾಗ್ಲಲ್ಲಿ ಬಿಟ್ಟು ನಾನು ಬಸ್ಸು ಹತ್ತಿ ನಮ್ಮೂರಿಗೆ ಹೋಗ್ತೀನಿ." ಹೇಳುತ್ತಾ ಅಳುತ್ತಿದ್ದಳು, ಅಳುತ್ತಾ ಹತ್ತುತ್ತಿದ್ದಳು.

ಅರ್ಧ ಗುಡ್ಡಕ್ಕೆ ಹಿಮ ಸುರಿಯಿತು. ಗಾಳಿ ಎಂದರೆ ಮುಖಕ್ಕೆ ಹಿಡಿಹಿಡಿ ಉಪ್ಪು ಎರಚಿದ ಹಾಗೆ. ದಾರಿಯ ಪಕ್ಕ ಹುಲ್ಲು ಕೂಡಿಡುವ ಒಂದು ಗುಡಿಸಲಿತ್ತು. ಅದರ ಬಾಗಿಲು ಎಂದೋ ಮುರಿದುಹೋಗಿತ್ತು. ಸ್ತಾಂಕಾ ಒಳಗೆ ನುಗ್ಗಿದಳು, ಗಾಳಿಯೂ ಹಿಂದೆಯೇ ನುಗ್ಗಿತು. ಆಗ ಅವಳು ನನ್ನನ್ನು ಎತ್ತಿ ಬಾಗಿಲಿಗೆ ನಿಲ್ಲಿಸಿದಳು. ಚಾಚಿದ ನನ್ನ ಎರಡು ತೋಳು ಎರಡು ಕಡೆಯ ಕಂಬಕ್ಕೂ ಸರಿಯಾಗಿ ಸಿಕ್ಕಿಕೊಂಡವು. ಗಾಳಿ ನಿಂತಿತು.

ಇಷ್ಟು ವರ್ಷ ಜನರನ್ನು ಬೆಚ್ಚಗಿಟ್ಟದ್ದು ಮೆತ್ತಗಿದ್ದುಕೊಂಡು. ಅವತ್ತು ಗಡುಸಾಗಿದ್ದುಕೊಂಡೂ ಬೆಚ್ಚಗಿಟ್ಟೆ. ಯಾವುದು ಯಾವಾಗ ಉಪಯೋಗಕ್ಕೆ ಬರುತ್ತದೋ ಬಲ್ಲವರಾರು?

ಸ್ವಲ್ಪ ಹೊತ್ತಿಗೆ ನನ್ನ ಬೆನ್ನಿಗೆ ಯಾರೋ ಬಡಿದರು. ಟಕ್, ಟಕ್. ನನ್ನನ್ನು ತಟ್ಟಿದರೆ ಟಕ್ ಎನ್ನುತ್ತಿತ್ತು, ಅಷ್ಟು ಗಟ್ಟಿಯಾಗಿದ್ದೆ.

"ಯಾರು?" ಎಂದಳು ಸ್ತಾಂಕಾ ಒಳಗಿನಿಂದ.

"ದೋಕಿಯಾ."

ಸ್ತಾಂಕಾ ಹುಲ್ಲಿನೊಳಗೆ ಇನ್ನಷ್ಟು ಹಿಂದಕ್ಕೆ ಸರಿದಳು.

"ಕಥೆ ದೋಕಿಯಾ ಅಲ್ಲ ಕಣೇ. ನಿನ್ನ ಅತ್ತೆ. ಬಾಗ್ಲು ತೆಗಿ. ಇನ್ನೊಂದ್ ಗಳಿಗೆ ನಿಂತ್ರೆ ನಿಜವಾಗ್ಲೂ ಕಲ್ಲಾಗೋಗ್ತೀನಿ."

ಸ್ತಾಂಕಾ ನನ್ನನ್ನು ಓರೆ ಮಾಡಿದಳು. ಹೊರಗೆ ದೋಕಿಯಾ ಬೆಳಗಿನ ಅದೇ ಬಿಳಿ ಅಂಗಿಯಲ್ಲಿ ನಿಂತಿದ್ದಳು. ತಲೆವಸ್ತ್ರದ ಮೇಲೆ ಹಿಮದ ಗುಡ್ಡೆ, ತುಟಿ ನೀಲಿ. ಕಂಬಳಿ ಹೊದೆಯಲೂ ನಿಲ್ಲದೆ, ಹೊಳೆಯಿಂದ ಸೊಸೆಯ ಹೆಜ್ಜೆಗುರುತು ಹಿಡಿದು ಓಡಿಬಂದಿದ್ದಳು. ಸ್ತಾಂಕಾ ಅವಳನ್ನು ಒಳಗೆಳೆದುಕೊಂಡು, ನನ್ನನ್ನು ಮತ್ತೆ ಬಾಗಿಲಿಗೆ ಸಿಕ್ಕಿಸಿ, ತನ್ನ ತೆಳು ಕೋಟಿನ ಅರ್ಧವನ್ನು ಅವಳಿಗೆ ಹೊದಿಸಿದಳು. ಇಬ್ಬರೂ ಹುಲ್ಲಿನಲ್ಲಿ ಹೂತು ಕೂತರು.

"ನಂಗ್ ಗೊತ್ತಿರ್ಲಿಲ್ಲ ಅತ್ತೆ," ಎಂದಳು ಸ್ತಾಂಕಾ.

"ನಿಂಗ್ ಗೊತ್ತಿರ್ಲಿಲ್ಲ ಅನ್ನೋದು ನಂಗ್ ಗೊತ್ತು," ಎಂದಳು ದೋಕಿಯಾ. ಹಲ್ಲು ಕಟಕಟ ಎನ್ನುತ್ತಿದ್ದವು. "ಸೊಸೇನ ಹಂಗ್ ನೋಡ್ಕೋತೀನಿ, ಹಿಂಗ್ ನೋಡ್ಕೋತೀನಿ ಅಂತ ಇಪ್ಪತ್ತೈದು ವರ್ಷ ಬೇಲಿ ಮೇಲೆ ನಿಂತು ಊರಿಗೆಲ್ಲಾ ಸಾರ್ದೆ. ನಿಂಗೆ, ಕೋಟು ಒಗೀಬೇಡ ಮಗಳೇ ಅಂತ ಒಂದ್ ಮಾತು ಹೇಳ್ಲಿಲ್ಲ. ಕೂತ್ಕೋ ಕೂತ್ಕೋ ಅಂದೆ. ಏನೂ ಹೇಳ್ಕೊಡ್ಲಿಲ್ಲ."

ಆಮೇಲೆ ಇರಿಮಿಯಾನ ವಾಸನೆಯ ವಿಷಯ ಹೇಳಿದಳು. ಮೊದಲ ಬಾರಿಗೆ, ಬಾಯಿಬಿಟ್ಟು.

ಸ್ತಾಂಕಾ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ತನ್ನ ಕೋಟಿನ ಉಳಿದರ್ಧವನ್ನೂ ಅತ್ತೆಗೇ ಹೊದಿಸಿದಳು.

ಹಿಮ ನಿಂತ ಮೇಲೆ ಇಬ್ಬರೂ ನನ್ನ ಒಂದೊಂದು ತೋಳು ಹಿಡಿದು, ಗಾಯಾಳುವನ್ನು ನಡೆಸಿಕೊಂಡು ಹೋಗುವವರ ಹಾಗೆ, ಗುಡ್ಡದಾಚೆಗೆ ಒಯ್ದರು. ಗವ್ರಿಲ್ ಮೇಸ್ತ್ರಿಗೆ ತುಂಬಾ ವಯಸ್ಸಾಗಿತ್ತು. ಕಿವಿ ಮಂದ. ಬೆರಳುಗಳಿಗೆ ಮಾತ್ರ ಇನ್ನೂ ಕಣ್ಣಿದ್ದವು. ನನ್ನನ್ನು ಸವರಿದ, ಬಗ್ಗಿಸಲು ನೋಡಿದ, ಬೆರಳ ಗೆಣ್ಣಿನಿಂದ ತಟ್ಟಿದ.

"ಇದು ಕೋಟಲ್ಲ, ಪೆಟ್ಟಿಗೆ ಮುಚ್ಚಳ," ಎಂದ. "ಯಾರು ಈ ಕೆಲಸ ಮಾಡಿದ್ದು?"

ಸ್ತಾಂಕಾ ಬಾಯಿ ತೆರೆಯುವ ಮೊದಲೇ ದೋಕಿಯಾ ಅವನ ಕಿವಿಯ ಹತ್ತಿರ ಬಗ್ಗಿ ಕೂಗಿದಳು: "ನಾವಿಬ್ರೂ ಸೇರಿ ಮಾಡಿದ್ದು ಮೇಸ್ತ್ರಿ!"

ಗವ್ರಿಲ್ ಇಬ್ಬರನ್ನೂ ನೋಡಿದ. "ಹಂಗಾದ್ರೆ ಇಬ್ರೂ ಸೇರೇ ಸರಿ ಮಾಡಿ. ಚೀಸ್ ಮಾಡಿ ಉಳಿದ ಹುಳಿನೀರಿಗೆ ಉಪ್ಪು ಹಾಕಿ ಒಂದಿನ ನೆನೆಸಿ. ಮೊಟ್ಟೆ ಹಳದಿ, ಹಂದಿ ಕೊಬ್ಬು ಸೇರ್ಸಿ ತಿಕ್ಕಿ. ಆಮೇಲೆ ಒಣಗೋ ತನಕ ಎಳೀತಾ ಇರ್ಬೇಕು. ಒಬ್ಬರ ಕೈಲಿ ಆಗೋದಲ್ಲ. ಒಂದು ತೋಳು ನೀನು, ಒಂದು ತೋಳು ನೀನು. ಸಾಲದಿದ್ರೆ ಮತ್ತೆ ನೆನೆಸಿ, ಮತ್ತೆ ಎಳೀರಿ. ಒಂದು ವಾರ. 'ಮುದುಕೀರ ದಿನ' ಮುಗಿಯೋ ಹೊತ್ತಿಗೆ ಗೊತ್ತಾಗುತ್ತೆ. ಹರಿದ್ರೂ ಹರೀಬಹುದು, ಆಮೇಲೆ ನನ್ನನ್ನ ಬೈಬೇಡಿ."

ಅಲ್ಲಿಂದ ಶುರುವಾಯಿತು ನನ್ನ ಎರಡನೇ ಹುಟ್ಟು. ದಿನಾ ಬೆಳಿಗ್ಗೆ ಅತ್ತೆ ಆ ಕಡೆ, ಸೊಸೆ ಈ ಕಡೆ. ಕಾಲನ್ನು ನೆಲಕ್ಕೆ ಊರಿ, ಹಿಂದಕ್ಕೆ ವಾಲಿ, ಹೊಯ್ ಎಂದು ಎಳೆಯುವುದು. ಕೈಗೆ ಬಿಡುವಿಲ್ಲ, ಬಾಯಿಗೆ ಪೂರಾ ಬಿಡುವು. ಎದುರುಬದುರು ನಿಂತಮೇಲೆ ಮುಖ ತಿರುಗಿಸಲೂ ಆಗುವುದಿಲ್ಲ. ದೋಕಿಯಾ ಇರಿಮಿಯಾನ ಬಗ್ಗೆ ಹೇಳಿದಳು. ಸ್ತಾಂಕಾ ತಮ್ಮೂರಿನ ಕೊಕ್ಕರೆಗಳ ಬಗ್ಗೆ ಹೇಳಿದಳು. ಅಲ್ಲಿ ಮರ್ತ್ಸಿಶೋರನ್ನು ಮರಕ್ಕೆ ಕಟ್ಟುವುದಿಲ್ಲವಂತೆ, ಮೊದಲ ಕೊಕ್ಕರೆ ಕಂಡಾಗ ಬಿಚ್ಚಿ ಅದರ ಕಡೆ ಎಸೆಯುತ್ತಾರಂತೆ.

"ಎಸೀತೀರಾ? ಕೊಕ್ಕರೆ ಮೇಲೆ?" ದೋಕಿಯಾ ನಗುತ್ತಾ ಹಿಡಿತ ಬಿಟ್ಟಳು. ಸ್ತಾಂಕಾ ನನ್ನ ಸಮೇತ ಹಿಂದಕ್ಕೆ ಬಿದ್ದು ಸೌದೆ ರಾಶಿಯಲ್ಲಿ ಕೂತಳು. ಇಬ್ಬರೂ ಎಷ್ಟು ನಕ್ಕರೆಂದರೆ ವರ್ವಾರಾ ಬೇಲಿ ಹತ್ತಿ ನೋಡಿದಳು.

ಆರನೇ ತಾರೀಖು ವರ್ವಾರಾಳ ದಿನ. ಗೋಲಿ ಗಾತ್ರದ ಆಲಿಕಲ್ಲು ಬಿತ್ತು. ದೋಕಿಯಾ ಬೇಲಿಯ ಹತ್ತಿರ ಹೋಗಿ ಆಕಾಶ ನೋಡಿ, ವರ್ವಾರಾಳನ್ನು ನೋಡಿ, ಮತ್ತೆ ಆಕಾಶ ನೋಡಿ ಒಳಗೆ ಬಂದಳು. ಅಷ್ಟೇ.

ಆದರೂ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಗುಡ್ಡದಿಂದ ಬಂದ ದಿನವೇ ಸ್ತಾಂಕಾ ತನ್ನ ಬಟ್ಟೆಬರೆ ಕಟ್ಟಿ ಗಂಟನ್ನು ಮಂಚದ ಕೆಳಗೆ ಇಟ್ಟಿದ್ದಳು. ನಾನು ಸರಿಹೋಗದಿದ್ದರೆ ಊರಿಗೆ ಹೋಗಿಬಿಡುವುದಾಗಿ ನನಗೆ ಹೇಳಿದ್ದನ್ನು ಅವಳು ಮರೆತಿರಲಿಲ್ಲ. ದೋಕಿಯಾ ಆ ಗಂಟನ್ನು ನೋಡಿದ್ದಳು, ಬಾಯಿಬಿಟ್ಟು ಕೇಳಿರಲಿಲ್ಲ. ಎಳೆಯುವಾಗ ಮಾತ್ರ ಒಂದು ಹಿಡಿ ಹೆಚ್ಚೇ ಬಲ ಹಾಕುತ್ತಿದ್ದಳು. ನಾನೂ ನನ್ನ ಕೈಲಾದಷ್ಟು ಪ್ರಯತ್ನಪಟ್ಟೆ. ಐದು ಕುರಿಗಳೂ ಒಗ್ಗಟ್ಟಾಗಿ ಮೆತ್ತಗಾಗಲು ಹೊರಟದ್ದು ಅದೇ ಮೊದಲು.

ಒಂಬತ್ತನೇ ತಾರೀಖು ಹಬ್ಬ. ನಲವತ್ತು ಮಂದಿ ಹುತಾತ್ಮರ ಹೆಸರಿನಲ್ಲಿ ಹಿಟ್ಟಿನಿಂದ ಎಂಟರ ಆಕಾರದ ತಿಂಡಿ ಮಾಡುತ್ತಾರೆ. ನಮ್ಮ ಬೆಟ್ಟದ ಕಡೆ ಅದನ್ನು ಒಲೆಯಲ್ಲಿ ಬೇಯಿಸಿ ಜೇನು ಸವರುತ್ತಾರೆ. ದೋಕಿಯಾ ಅಂದು ಬೆಳಿಗ್ಗೆ ಹಿಟ್ಟಿನ ಪಾತ್ರೆಯನ್ನು ಸೊಸೆಯ ಮುಂದಿಟ್ಟಳು. "ಇವತ್ತು ನೀನ್ ಮಾಡು. ನಾನ್ ಕೂತ್ಕೋತೀನಿ," ಎಂದು ಒಲೆ ಪಕ್ಕ ಬೆಕ್ಕಿನ ಜಾಗದಲ್ಲಿ ಕೂತಳು.

ಸ್ತಾಂಕಾ ಬೆರಳುಗುರಿನಷ್ಟು ಪುಟ್ಟ ಪುಟ್ಟ ಎಂಟರ ಆಕಾರ ಮಾಡಿ ಸಕ್ಕರೆ ನೀರಿನಲ್ಲಿ ಕುದಿಸಿದಳು. ಇನ್ನೇನು ಇಳಿಸಬೇಕು ಅನ್ನುವಾಗ ಏನೋ ನೆನಪಾಗಿ ಒಳಗೆ ಓಡಿದಳು. ಮಂಚದ ಕೆಳಗಿನಿಂದ ಗಂಟು ಎಳೆದು, ಬಿಚ್ಚಿ, ತಳದಿಂದ ಒಂದು ಪೊಟ್ಟಣ ತೆಗೆದಳು. ಅವಳ ಅಮ್ಮ ಕಟ್ಟಿಕೊಟ್ಟಿದ್ದ ಅಕ್ರೋಟು, ಚಕ್ಕೆ. ಬಟ್ಟೆಯೆಲ್ಲ ಮಂಚದ ಮೇಲೆ ಚೆಲ್ಲಾಪಿಲ್ಲಿ. ಅದನ್ನು ಹಾಗೇ ಬಿಟ್ಟು ಒಲೆಗೆ ಓಡಿದಳು.

ದೋಕಿಯಾ ಬಟ್ಟಲೊಳಗೆ ಇಣುಕಿದಳು. "ಇದೇನೇ, ಪಾಪದವು ನೀರಲ್ಲಿ ಮುಳುಗಿ ಒದ್ದಾಡ್ತಾ ಇದಾವೆ!"

"ನಮ್ಮ ಕಡೆ ಹಿಂಗೇ ಅತ್ತೆ. ತಿಂದ್ ನೋಡಿ."

ತಿಂದಳು. ಎರಡನೇ ಬಟ್ಟಲೂ ತಿಂದಳು. ಮೂರನೆಯದನ್ನು ಬೇಲಿಯ ಮೇಲಿಂದ ವರ್ವಾರಾಳಿಗೆ ಕೊಟ್ಟು, "ನನ್ ಸೊಸೆ ಮಾಡಿದ್ದು, ಹೊಟ್ಟೆ ಉರ್ಕೋ," ಎಂದು ಬಂದಳು.

ಆಮೇಲೆ ನನ್ನ ಪರೀಕ್ಷೆ. ಸ್ತಾಂಕಾ ನನ್ನನ್ನು ಎತ್ತಿ ಹಿಡಿದಳು. ನಾನು ಮೆತ್ತಗಿದ್ದೆ! ಮೊದಲಿನಷ್ಟಲ್ಲ, ಆದರೂ ಬಗ್ಗುತ್ತಿದ್ದೆ. ದೋಕಿಯಾ ಬಲಗೈ ತೂರಿಸಿದಳು. ಮೊಣಕೈಗೆ ಬಂದು ನಿಂತಿತು. ಎಡಗೈ ತೂರಿಸಿದಳು. ಅದೂ ನಿಂತಿತು. ಕುದಿನೀರು ನನ್ನನ್ನು ಕುಗ್ಗಿಸಿಬಿಟ್ಟಿತ್ತು. ಎಷ್ಟು ಎಳೆದರೂ ಆ ಕುಗ್ಗಿದ್ದು ಬರಲಿಲ್ಲ.

ಸ್ತಾಂಕಾಳ ಮುಖ ಬಾಡಿತು. ಅವಳ ಕಣ್ಣು ಮಂಚದ ಕಡೆ, ಚೆಲ್ಲಿದ ಬಟ್ಟೆಗಳ ಕಡೆ ಹೋಯಿತು. ದೋಕಿಯಾಳ ಕಣ್ಣೂ ಅತ್ತಲೇ ಹೋಯಿತು.

"ಇಲ್ಲಿ ಬಾ," ಎಂದಳು ದೋಕಿಯಾ. "ತಿರುಗು."

ನನ್ನನ್ನು ಬಿಡಿಸಿಕೊಂಡು ಸೊಸೆಯ ಹೆಗಲಿಗೆ ಹಾಕಿದಳು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂತು. ಬೆನ್ನು ಬೆನ್ನಿಗೆ ಕೂತಿತು. ಗವ್ರಿಲ್ ಅಳತೆ ತೆಗೆದು ಹೊಲಿದಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ದೋಕಿಯಾಳ ಕೈ ನನ್ನ ಬಲಭುಜದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ಹಿಂದೊಮ್ಮೆ ಇನ್ನೊಂದು ಕೈ ಇದ್ದಂತೆಯೇ. ಆಮೇಲೆ ಬಗ್ಗಿ ಮೂಗು ಒತ್ತಿದಳು.

"ಚಕ್ಕೆ ವಾಸನೆ," ಎಂದಳು. "ಇರ್ಲಿ ಬಿಡು. ಇದೂ ಚೆನ್ನಾಗೇ ಇದೆ. ಕಥೆ ದೋಕಿಯಾ ಒಂಬತ್ತು ಬಿಚ್ಚಿ ಕಲ್ಲಾದ್ಲು. ನಾನು ಒಂದೇ ಬಿಚ್ಚಿ ಗೆದ್ದೆ. ಹೋಗು, ಆ ಬಟ್ಟೆ ಮಡಿಸಿ ಪೆಟ್ಟಿಗೇಲಿಡು."

ಅಂದಿನಿಂದ ನಾನು ಸ್ತಾಂಕಾಳ ಕೋಟು. ದೋಕಿಯಾ ದಪ್ಪ ಕಂಬಳಿ ಹೊದ್ದೇ ಇನ್ನೂ ಹದಿನಾಲ್ಕು ಚಳಿಗಾಲ ಕಳೆದಳು. ಹಲಗೆಯಾದ ತೊಗಲಿಗೆ ಹಳೆಯ ಚಾಳಿ ಮತ್ತೆ ಬರುತ್ತದೆಂದು ಗವ್ರಿಲ್ ಎಚ್ಚರಿಸಿದ್ದ. ಅದಕ್ಕೇ ಪ್ರತಿ ಮಾರ್ಚ್ ಒಂದಕ್ಕೆ ದಾರ ಕಟ್ಟಿಕೊಂಡ ಮೇಲೆ ಅತ್ತೆ ಸೊಸೆ ಇಬ್ಬರೂ ಅಂಗಳಕ್ಕೆ ಬಂದು ನನ್ನ ಎರಡು ತೋಳು ಹಿಡಿದು ಎಳೆಯುತ್ತಿದ್ದರು. ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಈ ಪದ್ಧತಿ ಇರಲಿಲ್ಲ. ನಿಕೊದಿಮ್ ತಲೆ ಚಚ್ಚಿಕೊಳ್ಳುತ್ತಿದ್ದ. ಆ ವರ್ಷ ಏನಾದರೂ ಜಗಳವಾಗಿದ್ದರೆ ಎಳೆತ ಜೋರಾಗಿರುತ್ತಿತ್ತು. ನನಗೆ ಒಳ್ಳೆಯದೇ.

ದೋಕಿಯಾ ಹೋದ ಮರು ವರ್ಷ, ಮಾರ್ಚ್ ಒಂದಕ್ಕೆ, ಸ್ತಾಂಕಾ ನನ್ನನ್ನು ಹಿಡಿದು ಅಂಗಳಕ್ಕೆ ಬಂದಳು. ಆ ಕಡೆ ಯಾರೂ ಇರಲಿಲ್ಲ. ನನ್ನ ಒಂದು ತೋಳನ್ನು ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದನ್ನು ತಾನು ಹಿಡಿದು ಎಳೆದಳು. ಬಾಗಿಲು ಮಾತಾಡುವುದಿಲ್ಲ, ನಗುವುದಿಲ್ಲ, ನಡುವೆ ಕೈಬಿಟ್ಟು ಬೀಳಿಸುವುದೂ ಇಲ್ಲ. ಹಾಗೆ ಹಲವು ವರ್ಷ ಬಾಗಿಲ ಜೊತೆ ಎಳೆದಳು.

ಈಗ ನಾನು ಮುದಿ ಕೋಟು. ಬೆನ್ನಿನ ಉಣ್ಣೆ ಉದುರಿದೆ, ಕೊರಳಿನ ಕರಿ ಮರಿ ನರೆತಿದೆ. ಹೊರಗೆ ಹೋಗುವುದಿಲ್ಲ. ಒಲೆಯ ಪಕ್ಕದ ಬೆಂಚಿನ ಮೇಲೆ ನನ್ನ ಜಾಗ. ಚಳಿಯಲ್ಲಿ ಹುಟ್ಟಿದ ಕುರಿಮರಿಗಳನ್ನು ನನ್ನ ಮೇಲೆ ಮಲಗಿಸುತ್ತಾರೆ. ನಡುಗುತ್ತಾ ಬರುತ್ತವೆ, ಸ್ವಲ್ಪ ಹೊತ್ತಿಗೆ ನಿದ್ದೆ ಹೋಗುತ್ತವೆ. ಒಳಗಿರುವುದು ತಮ್ಮ ಮುತ್ತಜ್ಜಿಯರೆಂದು ಅವಕ್ಕೆ ಗೊತ್ತಿಲ್ಲ.

ಈ ಮಾರ್ಚ್ ಒಂದಕ್ಕೆ ಸ್ತಾಂಕಾಳ ಮೊಮ್ಮಗಳು ಸಾಂದಾ ಪಟ್ಟಣದ ಕಾಲೇಜಿನಿಂದ ಬಂದಿದ್ದಳು. ಅಜ್ಜಿ ನನ್ನ ತೋಳನ್ನು ಬಾಗಿಲ ಹಿಡಿಗೆ ಕಟ್ಟುವುದನ್ನು ನೋಡಿ ಕೇಳಿದಳು: "ಅಜ್ಜೀ, ಏನ್ ಮಾಡ್ತಿದೀಯಾ? ಕೋಟಿಗೇನು ಶಿಕ್ಷೇನಾ?"

"ಎಳೀಬೇಕು ಮಗು. ಇಲ್ಲಾಂದ್ರೆ ಹಲಗೆ ಆಗುತ್ತೆ."

"ಬಾಗಿಲು ಯಾಕೆ? ನಾನಿಲ್ವಾ?" ಎಂದವಳೇ ಕಟ್ಟು ಬಿಚ್ಚಿ ಆ ತೋಳನ್ನು ತಾನು ಹಿಡಿದಳು.

ಸ್ತಾಂಕಾ ಕಾಲೂರಿದಳು. ಎಳೆದರು. ಎಷ್ಟು ವರ್ಷವಾಗಿತ್ತು, ಎರಡು ಕಡೆಯೂ ಬೆಚ್ಚಗಿನ ಕೈ! ನಾನು ಸಂತೋಷದಲ್ಲಿ ಸ್ವಲ್ಪ ಹೆಚ್ಚೇ ಹಿಗ್ಗಿದೆನೋ ಏನೋ, ಎದೆಯ ಹೊಲಿಗೆ ಪರ್ ಎಂದಿತು. ಗವ್ರಿಲನ ಸೇಬಿನ ಕೊಂಬೆಯ ನಡುವೆ ಬೆರಳು ತೂರುವಷ್ಟು ತೂತು.

"ಅಯ್ಯೋ ಅಜ್ಜೀ, ಹರಿದೇಬಿಟ್ಟೆ!" ಸಾಂದಾ ಅಳುವುದೊಂದು ಬಾಕಿ.

"ಹರಿದ್ರೆ ಹೊಲಿಯೋದು. ಅದಕ್ಯಾಕೆ ಮುಖ ಹಂಗ್ ಮಾಡ್ತೀಯಾ? ನಾನು ಇದನ್ನ ಕುದಿಸ್ಬಿಟ್ಟಿದ್ದೆ ಗೊತ್ತಾ?" ಎಂದು ಸ್ತಾಂಕಾ ನಗತೊಡಗಿದಳು. ಅಂಗಳದಲ್ಲೇ ಕೂತು ಮೊಮ್ಮಗಳಿಗೆ ಕಥೆಯನ್ನೆಲ್ಲ ಹೇಳಿದಳು.

ಕೇಳಿ ಮುಗಿದ ಮೇಲೆ ಸಾಂದಾ ತನ್ನ ಮಣಿಕಟ್ಟಿನಿಂದ ಮರ್ತ್ಸಿಶೋರ್ ಬಿಚ್ಚಿದಳು. ದಬ್ಬಳಕ್ಕೆ ಪೋಣಿಸಿ ನನ್ನ ಎದೆಯ ತೂತನ್ನು ಸುತ್ತಿ ಸುತ್ತಿ ಹೊಲಿದಳು. ಹೊಲಿಗೆ ಬಾರದ ಕೈ, ಒಂದಿಷ್ಟು ಸೊಟ್ಟ. ಕೆಂಪು ಬಿಳಿ ಎಳೆ ಒಂದರ ಮೇಲೊಂದು ಕೂತು ಗುಂಡಗಾಯಿತು.

ಸ್ತಾಂಕಾ ಕನ್ನಡಕ ಹಾಕಿಕೊಂಡು ನೋಡಿದಳು. "ಏಯ್, ಆ ದಾರ ಹೂ ಬಿಟ್ಟ ಮರಕ್ಕಲ್ವೇನೇ ಕಟ್ಟೋದು?"

"ನೋಡಜ್ಜಿ," ಎಂದಳು ಸಾಂದಾ. "ಬಿಟ್ಟಿದೆಯಲ್ಲ."

ನಾನು ಬಗ್ಗಿ ನನ್ನ ಎದೆ ನೋಡಿಕೊಳ್ಳಲಾರೆ, ಕೋಟಿಗೆ ಕೊರಳು ಬಗ್ಗುವುದಿಲ್ಲ. ಆದರೆ ಇಬ್ಬರೂ ನನ್ನನ್ನು ನೋಡುತ್ತಾ ನಿಂತಿದ್ದ ರೀತಿಯಿಂದಲೇ ತಿಳಿಯಿತು. ಅಂಗಳದ ಮರಗಳೆಲ್ಲ ಇನ್ನೂ ಬೋಳಾಗಿದ್ದವು. ಗವ್ರಿಲ್ ಮೇಸ್ತ್ರಿ ಬಾಕಿ ಉಳಿಸಿದ್ದ ಹೂವು ಆ ವರ್ಷ ಊರಿನಲ್ಲಿ ಎಲ್ಲಕ್ಕಿಂತ ಮೊದಲು ನನ್ನ ಮೇಲೆ ಅರಳಿತ್ತು.